ಕ್ಯಾಮೆರಾದ ಕಣ್ಣು, ನಿಸ್ತಂತು ದೂತ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಿಟಿಎಂ ಲೇಔಟಿನ ಹೆಸರನ್ನು ಕೇಳದವರು ವಿರಳ. ಆದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ಈ ಹೆಸರು ಹುಟ್ಟಿತೆಂಬುದನ್ನು ಅಲ್ಲಿಯೇ ವಾಸಿಸುವವರಲ್ಲಿಯೂ ಹಲವರು ಅರಿಯರು. ಈ ಮೂರರಲ್ಲಿ ಕೊನೆಯದಾದ ಮಡಿವಾಳದ ಹೆಸರನ್ನು ಹೊತ್ತ ವಿಶಾಲವಾದ ಕೆರೆಯೊಂದು ಇಂದಿಗೂ ಅಲ್ಲಿ ಉಳಿದಿದೆ. ಸುತ್ತಲೂ ಮಹಡಿಮನೆಗಳು, ವಿದ್ಯಾರ್ಥಿಗಳಿಂದಲೂ ಉದ್ಯೋಗಿಗಳಿಂದಲೂ ಕಿಕ್ಕಿರಿದ ಪಿ.ಜಿ.ಗಳು, ಎಡೆಬಿಡದ ವಾಹನಗಳ ಗದ್ದಲ. ನಡುವೆ ನೀರು, ಜೊಂಡು, ಬೆಳ್ಳಕ್ಕಿ, ನೀರುಕಾಗೆ. ಅದೃಷ್ಟವಿದ್ದ ದಿನ ಹೆಜ್ಜಾರ್ಲೆ.

ನನಗೆ ಪರಿಚಿತನಾದ ಕಾಲೇಜು ವಿದ್ಯಾರ್ಥಿಯೊಬ್ಬನು ಒಂದು ಭಾನುವಾರದ ಮುಂಜಾವಿನಲ್ಲಿ ಸೋದರಮಾವನ ಕ್ಯಾಮೆರಾವನ್ನು ಬೇಡಿ ತಂದು ಈ ಕೆರೆಯ ದಂಡೆಯ ಮೇಲೆ ನಿಂತಿದ್ದನು. ದೂರದ ನೀರಿನಲ್ಲಿ ತೇಲುತ್ತಿದ್ದ ಹೆಜ್ಜಾರ್ಲೆಯ ಹತ್ತಾರು ಚಿತ್ರಗಳನ್ನು ತೆಗೆದನು. ಕ್ಯಾಮೆರಾಕ್ಕೂ ಅವನ ಫೋನಿಗೂ ತಂತಿಯಿಲ್ಲದ ಸಂಪರ್ಕವಿದ್ದುದರಿಂದ ಒಂದೊಂದು ಚಿತ್ರವೂ ತಾನೇ ತಾನಾಗಿ ಫೋನಿಗೆ ಬಂದು ಸೇರುತ್ತಿತ್ತು. ಚಿತ್ರಗಳು ಫೋನಿನಲ್ಲಿ ಭದ್ರವಾಗಿವೆಯೆಂಬ ನಂಬಿಕೆಯಿಂದ ಅವನು ಅಂದು ರಾತ್ರಿ ಮೆಮೊರಿ ಕಾರ್ಡನ್ನು ಅಳಿಸಿದನು. ಮರುದಿನ ಅದೇ ಕಾರ್ಡಿನ ತುಂಬ ಮದುವೆಮನೆಯ ಚಿತ್ರಗಳು ಬಂದು ಕುಳಿತವು. ವಾರ ಕಳೆದ ಮೇಲೆ ಪಕ್ಷಿವೀಕ್ಷಕರೊಬ್ಬರು, “ಕೊಕ್ಕಿನ ಮೇಲೆ ಚುಕ್ಕೆಗಳಿವೆಯೇ, ನೋಡಿ ಹೇಳಪ್ಪಾ” ಎಂದರು. ಅವನು ಫೋನಿನಲ್ಲಿ ಚಿತ್ರವನ್ನು ಹಿಗ್ಗಿಸಿದನು. ಕೊಕ್ಕು ಮಂಕಾದ ಚೌಕಗಳ ಸಾಲಾಯಿತೇ ಹೊರತು ಚುಕ್ಕೆ ಇದೆಯೆಂದಾಗಲಿ ಇಲ್ಲವೆಂದಾಗಲಿ ಹೇಳುವಂತಿರಲಿಲ್ಲ.

ಆ ಪ್ರಶ್ನೆ ಅಲ್ಪವಾದುದಲ್ಲ. ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಕಾಣುವುದು ಚುಕ್ಕೆಕೊಕ್ಕಿನ ಹೆಜ್ಜಾರ್ಲೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಊರೊಳಗಿನ ಮರಗಳ ಮೇಲೆಯೇ ಗೂಡು ಕಟ್ಟುವ ಹಕ್ಕಿ ಇದೇ. ಇದರ ಬಂಧುವಾದ ದೊಡ್ಡ ಬಿಳಿ ಹೆಜ್ಜಾರ್ಲೆಯು ಇಲ್ಲಿಗೆ ಅಪರೂಪದ ಅತಿಥಿ. ಮೇಲ್ಕೊಕ್ಕಿನ ಅಂಚಿನಲ್ಲಿ ಸಾಲಾಗಿರುವ ಚುಕ್ಕೆಗಳು ಮೊದಲನೆಯದರ ಗುರುತು. ಬಂದುದು ಯಾವುದೆಂಬುದಕ್ಕೆ ಇದ್ದ ಸಾಕ್ಷ್ಯವು ಅವನ ಕೈಯಿಂದಲೇ ಅಳಿಸಿಹೋಗಿತ್ತು. ಎಲ್ಲಿ ತಪ್ಪಾಯಿತು? ಕ್ಯಾಮೆರಾ ಕೆಟ್ಟದ್ದೇ? ಫೋನು ಕೆಟ್ಟದ್ದೇ? ಎರಡೂ ಅಲ್ಲ. ಅವು ಏನು ಮಾಡುವುವು, ಏನು ಮಾಡಲಾರವು ಎಂಬುದನ್ನು ತಿಳಿಯದಿದ್ದುದೇ ಆ ನಷ್ಟಕ್ಕೆ ಕಾರಣ. ಅದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬೆಳಕನ್ನು ಎಣಿಸುವ ಬಟ್ಟಲುಗಳು

ಹಿಂದಿನ ಕ್ಯಾಮೆರಾದಲ್ಲಿ ಮಸೂರದ ಹಿಂದೆ ಫಿಲ್ಮು ಇರುತ್ತಿತ್ತು. ಬೆಂಗಳೂರಿನ ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮೊದಲಾದ ವನ್ಯಜೀವಿ ಛಾಯಾಗ್ರಾಹಕರು ಹೆಸರು ಗಳಿಸಿದುದು ಆ ಕಾಲದಲ್ಲಿಯೇ. ಒಂದು ಸುರುಳಿಗೆ ಮೂವತ್ತಾರು ಚಿತ್ರ. ಅದನ್ನು ರಾಸಾಯನಿಕ ದ್ರಾವಣದಲ್ಲಿ ತೊಳೆಯುವವರೆಗೆ ಏನು ದಕ್ಕಿತೆಂದು ತಿಳಿಯುವಂತಿರಲಿಲ್ಲ. ಇಂದಿನ ಕ್ಯಾಮೆರಾದಲ್ಲಿ ಫಿಲ್ಮಿನ ಸ್ಥಾನದಲ್ಲಿರುವುದು ಸಿಲಿಕಾನಿನ ಒಂದು ತೆಳುವಾದ ಬಿಲ್ಲೆ. ಇದಕ್ಕೆ ಸಂವೇದಕವೆಂದು ಹೆಸರು. ಅಂಗಡಿಯವರ ಮಾತಿನಲ್ಲಿ ಸೆನ್ಸರ್.

ಮಳೆಗಾಲದಲ್ಲಿ ಅಂಗಳದ ತುಂಬ ಸಾಲುಸಾಲಾಗಿ ಬಟ್ಟಲುಗಳನ್ನು ಇಟ್ಟಿರುವಿರೆಂದು ಭಾವಿಸಿ. ಮಳೆ ನಿಂತ ಮೇಲೆ ಯಾವ ಬಟ್ಟಲಿನಲ್ಲಿ ಎಷ್ಟು ನೀರಿದೆಯೆಂದು ಅಳೆದು ಬರೆದುಕೊಂಡರೆ ಅಂಗಳದ ಯಾವ ಭಾಗದಲ್ಲಿ ಎಷ್ಟು ಮಳೆ ಬಿದ್ದಿತೆಂಬ ನಕ್ಷೆ ಸಿದ್ಧವಾಗುವುದು. ಸಂವೇದಕವೂ ಇಂತಹುದೇ ಒಂದು ಅಂಗಳ. ಅದರ ಮೇಲಿನ ಒಂದೊಂದು ಬಟ್ಟಲೂ ಒಂದು ಚಿತ್ರಬಿಂದು, ಅರ್ಥಾತ್ ಪಿಕ್ಸೆಲ್. ಬೀಳುವ ಮಳೆಯೆಂದರೆ ಬೆಳಕು. ಬೆಳಕು ಶಕ್ತಿಯ ಕಣಗಳಂತೆ ವರ್ತಿಸುವುದೆಂದು 1905ರಲ್ಲಿ ಪ್ರತಿಪಾದಿಸಿದವರು ಐನ್‌ಸ್ಟೈನ್. ಆ ಕಣಗಳನ್ನು ಈಗ ಫೋಟಾನುಗಳೆನ್ನುತ್ತೇವೆ. ಫೋಟಾನು ಸಿಲಿಕಾನಿಗೆ ಬಡಿದಾಗ ಅಲ್ಲಿ ಎಲೆಕ್ಟ್ರಾನೊಂದು ಬಿಡುಗಡೆ ಹೊಂದುವುದು. ಬಟ್ಟಲಿನಲ್ಲಿ ಕೂಡಿದ ಎಲೆಕ್ಟ್ರಾನುಗಳ ಮೊತ್ತವೇ ಆ ಬಿಂದುವಿನ ಬೆಳಕಿನ ಅಳತೆ. ಆದರೆ ಬಟ್ಟಲಿಗೆ ಬಣ್ಣದ ಅರಿವಿಲ್ಲ. ಆದುದರಿಂದ ನಾಲ್ಕು ಬಟ್ಟಲುಗಳಲ್ಲಿ ಎರಡರ ಮೇಲೆ ಹಸಿರು, ಒಂದರ ಮೇಲೆ ಕೆಂಪು, ಒಂದರ ಮೇಲೆ ನೀಲಿ ಸೋಸುಗಗಳನ್ನು ಹೊದಿಸುತ್ತಾರೆ. ಈ ಜೋಡಣೆಗೆ 1976ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಕೊಡಕ್ ಕಂಪೆನಿಯ ಬ್ರೈಸ್ ಬೇಯರ್.

ಅದೇ ಕಂಪೆನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರು 1975ರಲ್ಲಿ ರಚಿಸಿದ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ದುದು ಕೇವಲ 10,000 ಬಿಂದುಗಳು. ಅದರ ತೂಕ ಸುಮಾರು 3.6 ಕಿಲೋಗ್ರಾಂ, ಒಂದು ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ದಾಖಲಿಸಲು 23 ಸೆಕೆಂಡುಗಳು ಬೇಕಾಗುತ್ತಿದ್ದುವು. ನಮ್ಮ ವಿದ್ಯಾರ್ಥಿಯ ಕೈಯಲ್ಲಿದ್ದ ಕ್ಯಾಮೆರಾದಲ್ಲಿಯಾದರೋ 2 ಕೋಟಿ 40 ಲಕ್ಷ ಬಿಂದುಗಳು. ಸ್ಯಾಸನ್ನರದಕ್ಕಿಂತ 2,400 ಪಟ್ಟು ಹೆಚ್ಚು!

ಚಿಕ್ಕ ಕಿಟಕಿಯ ಮಾಯೆ

ಸಂವೇದಕಗಳಲ್ಲಿ ಹಿರಿದು ಕಿರಿದು ಉಂಟು. ಹಿರಿದಾದುದರ ಅಳತೆ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಈ ಅಳತೆ ಜರ್ಮನಿಯ ಆಸ್ಕರ್ ಬಾರ್ನಾಕ್ ಅವರ ಲೈಕಾ ಕ್ಯಾಮೆರಾದೊಡನೆ 1925ರಿಂದ ಪ್ರಚಾರಕ್ಕೆ ಬಂದುದು. ಅವರು ಸಿನಿಮಾ ಫಿಲ್ಮಿನ ಎರಡು ಚೌಕಟ್ಟುಗಳನ್ನು ಕೂಡಿಸಿ ಒಂದು ಮಾಡಿದರು. ಕಿರಿದಾದುದು ಸುಮಾರು 23.5 ಮಿ.ಮೀ. ಅಗಲ, 15.6 ಮಿ.ಮೀ. ಎತ್ತರ. ಇದನ್ನೇ ‘ಕ್ರಾಪ್ ಸೆನ್ಸರ್’ ಎನ್ನುವುದು. ಇದರ ಶಾಸ್ತ್ರೀಯ ಹೆಸರು ಎಪಿಎಸ್-ಸಿ. ಎಪಿಎಸ್ ಎಂಬುದು 1996ರಲ್ಲಿ ಮಾರುಕಟ್ಟೆಗೆ ಬಂದ ಒಂದು ಬಗೆಯ ಫಿಲ್ಮು. ಆ ಫಿಲ್ಮು ಮರೆಯಾಯಿತು, ಹೆಸರು ಮಾತ್ರ ಉಳಿಯಿತು. ಧರ್ಮಾಂಬುಧಿ ಕೆರೆ ಹೋಗಿ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾದ ಮೇಲೂ ಟ್ಯಾಂಕ್ ಬಂಡ್ ರಸ್ತೆಯ ಹೆಸರು ಉಳಿದಿರುವುದಿಲ್ಲವೇ? ಹಾಗೆ.

ಹಿರಿ ಸಂವೇದಕದ ಕರ್ಣವನ್ನು ಕಿರಿದರ ಕರ್ಣದಿಂದ ಭಾಗಿಸಿದರೆ ಸುಮಾರು 1.5 ಬರುವುದು. “ಆದುದರಿಂದ ಕಿರು ಸಂವೇದಕದ ಕ್ಯಾಮೆರಾದಲ್ಲಿ 200 ಮಿ.ಮೀ. ಮಸೂರವು 300 ಮಿ.ಮೀ. ಮಸೂರವಾಗುತ್ತದೆ, ಹಕ್ಕಿ ಒಂದೂವರೆ ಪಟ್ಟು ದೊಡ್ಡದಾಗುತ್ತದೆ” ಎಂದು ಹೇಳುವುದನ್ನು ನೀವು ಕೇಳಿರಬಹುದು. ಈ ಮಾತು ನಿಜವೇ?

ಲೆಕ್ಕ ಮಾಡಿ ನೋಡೋಣ. ಹೆಜ್ಜಾರ್ಲೆಯ ಉದ್ದ 1.4 ಮೀಟರ್ ಎಂದೂ, ಅದು 100 ಮೀಟರ್ ದೂರದಲ್ಲಿದೆಯೆಂದೂ ಇಟ್ಟುಕೊಳ್ಳಿ. ಮಸೂರದ ನಾಭಿದೂರ 200 ಮಿ.ಮೀ., ಎಂದರೆ 0.2 ಮೀಟರ್. ದೂರದ ವಸ್ತುವಿನ ಬಿಂಬದ ಅಳತೆಯು ವಸ್ತುವಿನ ಅಳತೆಯನ್ನು ನಾಭಿದೂರದಿಂದ ಗುಣಿಸಿ ದೂರದಿಂದ ಭಾಗಿಸಿದಷ್ಟು. ಅಂತೂ ಹೆಜ್ಜಾರ್ಲೆಯ ಬಿಂಬ 2.8 ಮಿ.ಮೀ. ಈ ಲೆಕ್ಕದಲ್ಲಿ ಸಂವೇದಕದ ಅಳತೆ ಎಲ್ಲಿಯೂ ಬರಲೇ ಇಲ್ಲವೆಂಬುದನ್ನು ಗಮನಿಸಿ. ಹಿಂದೆ ಇರುವುದು ಹಿರಿದಾಗಲಿ, ಕಿರಿದಾಗಲಿ, ಬಿಂಬ ಅಷ್ಟೇ. ದೊಡ್ಡ ಕಿಟಕಿಯಿಂದ ಕೆರೆಯನ್ನು ನೋಡುತ್ತಿದ್ದವನು ಚಿಕ್ಕ ಕಿಟಕಿಯ ಬಳಿಗೆ ಸರಿದರೆ ಕೆರೆಯ ಕಡಮೆ ಭಾಗ ಕಾಣುವುದೇ ಹೊರತು ಕೆರೆ ಹತ್ತಿರ ಬರುವುದಿಲ್ಲ.

ಹಾಗಾದರೆ ಕಿರು ಸಂವೇದಕದಿಂದ ಲಾಭವೇ ಇಲ್ಲವೇ? ಉಂಟು, ಆದರೆ ಅದು ಬೇರೊಂದು ಕಡೆಯಿಂದ ಬರುವ ಲಾಭ. ಎರಡರಲ್ಲಿಯೂ 2 ಕೋಟಿ 40 ಲಕ್ಷ ಬಿಂದುಗಳು, ಅಗಲಕ್ಕೆ 6,000ದಂತೆ, ಇವೆಯೆಂದುಕೊಳ್ಳಿ. ಹಿರಿದರಲ್ಲಿ ಒಂದು ಮಿ.ಮೀ.ಗೆ 167 ಬಿಂದುಗಳು, ಕಿರಿದರಲ್ಲಿ 255. ಬಟ್ಟಲುಗಳು ಚಿಕ್ಕವಾದುದರಿಂದ ಒತ್ತೊತ್ತಾಗಿ ಕುಳಿತಿವೆ. 2.8 ಮಿ.ಮೀ. ಉದ್ದದ ಹೆಜ್ಜಾರ್ಲೆಯ ಬಿಂಬವು ಹಿರಿದರಲ್ಲಿ ಸುಮಾರು 467 ಬಿಂದುಗಳ ಮೇಲೆ ಬಿದ್ದರೆ, ಕಿರಿದರಲ್ಲಿ 715 ಬಿಂದುಗಳ ಮೇಲೆ ಬೀಳುವುದು. ದೂರದ ಹಕ್ಕಿಯ ವಿವರ ಹೆಚ್ಚಾಗಿ ದೊರೆಯುವುದು ಈ ಕಾರಣದಿಂದ. ಅಷ್ಟೇ ಒತ್ತಾಗಿ ಬಿಂದುಗಳನ್ನು ಹಿರಿ ಸಂವೇದಕದಲ್ಲಿ ಕೂರಿಸಬೇಕಾದರೆ ಸುಮಾರು 5 ಕೋಟಿ 60 ಲಕ್ಷ ಬಿಂದುಗಳು ಬೇಕು. ಅಂತಹ ಕ್ಯಾಮೆರಾದ ಬೆಲೆ ವಿದ್ಯಾರ್ಥಿಗಳಿಗೆ ಎಟಕುವಂತಹುದಲ್ಲ.

ಲಾಭವಿದ್ದಲ್ಲಿ ತೆರಿಗೆಯೂ ಉಂಟು. ಕಿರು ಸಂವೇದಕದ ವಿಸ್ತಾರ ಸುಮಾರು 367 ಚದರ ಮಿ.ಮೀ.; ಹಿರಿದರದು 864. ಅದೇ ದೃಶ್ಯವನ್ನು ಅಂಚಿನಿಂದ ಅಂಚಿಗೆ ತುಂಬುವಂತೆ ಎರಡರಲ್ಲಿಯೂ ಒಂದೇ ದ್ಯುತಿರಂಧ್ರದ ಸಂಖ್ಯೆಯಲ್ಲಿ, ಒಂದೇ ಕಾಲಾವಧಿಯಲ್ಲಿ ಚಿತ್ರ ತೆಗೆದರೆ ಕಿರಿದರ ಮೇಲೆ ಬೀಳುವ ಒಟ್ಟು ಬೆಳಕು 2.4 ಪಟ್ಟು ಕಡಮೆ. ಮಳೆಹನಿಗಳಂತೆ ಫೋಟಾನುಗಳೂ ಸಮನಾಗಿ ಬೀಳುವುದಿಲ್ಲ. 10,000 ಫೋಟಾನುಗಳು ಬೀಳಬೇಕಾದಲ್ಲಿ ಸುಮಾರು 100ರಷ್ಟು ಹೆಚ್ಚು ಕಡಮೆಯಾಗುವುದು. ಇದು ನೂರಕ್ಕೆ ಒಂದು ಪಾಲು. 100 ಫೋಟಾನುಗಳು ಬೀಳಬೇಕಾದಲ್ಲಿ 10ರಷ್ಟು ಏರುಪೇರು. ಇದು ನೂರಕ್ಕೆ ಹತ್ತು ಪಾಲು. ಬೆಳಕು ಕಡಮೆಯಾದಂತೆ ಚಿತ್ರದಲ್ಲಿ ರವೆಯನ್ನು ಚೆಲ್ಲಿದಂತಹ ಕಲೆಗಳು ಕಾಣುವುದು ಇದರಿಂದಲೇ. ಸೂರ್ಯೋದಯಕ್ಕೆ ಮುಂಚೆ ಇಡೀ ಕೆರೆಯ ಚಿತ್ರವನ್ನು ತೆಗೆಯುವವನಿಗೆ ಹಿರಿ ಸಂವೇದಕ ಮೇಲು. ದೂರದ ಹಕ್ಕಿಯ ವಿಷಯ ಹಾಗಲ್ಲ. ಅದೇ ಮಸೂರದಿಂದ ಬಂದ 2.8 ಮಿ.ಮೀ. ಬಿಂಬದ ಮೇಲೆ ಬೀಳುವ ಬೆಳಕು ಎರಡರಲ್ಲಿಯೂ ಒಂದೇ ಆದುದರಿಂದ ಕಿರಿದಾದುದಕ್ಕೆ ಅಲ್ಲಿ ಹೇಳಿಕೊಳ್ಳುವಂತಹ ನಷ್ಟವಿಲ್ಲ.

ತಂತಿಯಿಲ್ಲದ ಎರಡು ದಾರಿಗಳು

ಇನ್ನು ಚಿತ್ರವು ಫೋನಿಗೆ ಹೋಗುವ ಬಗೆಯನ್ನು ನೋಡೋಣ. ಇಂದಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡು ಪುಟ್ಟ ಬಾನುಲಿ ಯಂತ್ರಗಳು ಅಡಗಿರುತ್ತವೆ. ಒಂದು ಬ್ಲೂಟೂತ್, ಇನ್ನೊಂದು ವೈ-ಫೈ. ಎರಡೂ ಸಾಧಾರಣವಾಗಿ 2.4 ಗಿಗಾಹರ್ಟ್ಸ್ ಸುಮಾರಿನ ವಿದ್ಯುತ್ಕಾಂತ ತರಂಗಗಳನ್ನು ಬಳಸುತ್ತವೆ. ಹಲವು ಕ್ಯಾಮೆರಾಗಳ ವೈ-ಫೈಗೆ 5 ಗಿಗಾಹರ್ಟ್ಸ್ ದಾರಿಯೂ ಉಂಟು. 100 ಮೆಗಾಹರ್ಟ್ಸಿನ ಎಫ್.ಎಂ. ಬಾನುಲಿಯ ತರಂಗದ ಉದ್ದ 3 ಮೀಟರ್ ಆದರೆ, 2.4 ಗಿಗಾಹರ್ಟ್ಸಿನದು ಕೇವಲ 12.5 ಸೆಂಟಿಮೀಟರ್.

ಬ್ಲೂಟೂತ್ ಮಿತವ್ಯಯಿ. ಬ್ಯಾಟರಿಯ ಶಕ್ತಿಯನ್ನು ತೊಟ್ಟು ತೊಟ್ಟಾಗಿ ಬಳಸುತ್ತ, ಕ್ಯಾಮೆರಾ ಚೀಲದಲ್ಲಿರುವಾಗಲೂ ಫೋನಿನೊಡನೆ ನಂಟನ್ನು ಕಾಪಾಡುವುದು. ಆದರೆ ಅದರ ಹೊರೆ ಹೊರುವ ಶಕ್ತಿ ಅಲ್ಪ. ಸೆಕೆಂಡಿಗೆ 10 ಲಕ್ಷ ಬಿಟ್ ಎಂದು ಇಟ್ಟುಕೊಳ್ಳಿ. ವೈ-ಫೈ ಧಾರಾಳಿ. ಸೆಕೆಂಡಿಗೆ 4 ಕೋಟಿ ಬಿಟ್‌ಗಳನ್ನು ಅದು ಸುಲಭವಾಗಿ ಹೊರಬಲ್ಲದು. ಆದರೆ ಬ್ಯಾಟರಿಯನ್ನೂ ಅಷ್ಟೇ ಧಾರಾಳವಾಗಿ ಬರಿದುಮಾಡುವುದು. ಆದುದರಿಂದಲೇ ಕ್ಯಾಮೆರಾವನ್ನು ಮಾಡಿದವರು ಬ್ಲೂಟೂತನ್ನು ಬಾಗಿಲು ಕಾಯುವ ಆಳಾಗಿ ಇಟ್ಟು, ದೊಡ್ಡ ಹೊರೆ ಬಂದಾಗ ಮಾತ್ರ ವೈ-ಫೈಯನ್ನು ಎಬ್ಬಿಸುವ ಏರ್ಪಾಡು ಮಾಡಿರುವುದು. ವೈ-ಫೈ ಎದ್ದಾಗ ಕ್ಯಾಮೆರಾ ತಾನೇ ಒಂದು ಪುಟ್ಟ ನಿಸ್ತಂತು ಕೇಂದ್ರವಾಗಿ ನಿಲ್ಲುವುದು. ಫೋನು ಅದಕ್ಕೆ ಸೇರಿಕೊಳ್ಳುವುದು. ಇದಕ್ಕೆ ಊರಿನ ಇಂಟರ್‌ನೆಟ್ ಬೇಕಾಗಿಯೇ ಇಲ್ಲ. ಕಾಡಿನ ನಡುವೆಯೂ ನಡೆಯುವ ಕೆಲಸವಿದು.

ಈಗ ಇನ್ನೊಂದು ಲೆಕ್ಕ. 2 ಕೋಟಿ 40 ಲಕ್ಷ ಬಿಂದುಗಳ ಒಂದು ಜೆಪೆಗ್ ಚಿತ್ರ ಸುಮಾರು 10 ಮೆಗಾಬೈಟ್, ಎಂದರೆ 8 ಕೋಟಿ ಬಿಟ್‌ಗಳು. ಬ್ಲೂಟೂತಿನಲ್ಲಿ ಇದನ್ನು ಕಳುಹಿಸಲು 80 ಸೆಕೆಂಡುಗಳು. ವೈ-ಫೈಯಲ್ಲಿ 2 ಸೆಕೆಂಡುಗಳು. ಒಂದು ಬೆಳಗಿನಲ್ಲಿ 300 ಚಿತ್ರಗಳನ್ನು ತೆಗೆದರೆ ಬ್ಲೂಟೂತಿಗೆ 6 ಗಂಟೆ 40 ನಿಮಿಷ ಬೇಕು. ವೈ-ಫೈಗೆ 10 ನಿಮಿಷ ಸಾಕು. ಚಿತ್ರಗಳು ‘ತಾವೇ ತಾವಾಗಿ’ ಬ್ಲೂಟೂತಿನಲ್ಲಿ ಬರಬೇಕಾದರೆ ಏನು ಮಾಡಬೇಕು? ಅವನ್ನು ಕುಗ್ಗಿಸಿ ಕಳುಹಿಸಬೇಕು. ಅನೇಕ ಕ್ಯಾಮೆರಾಗಳು ಮಾಡುವುದು ಇದನ್ನೇ. ಮೂಲಚಿತ್ರವನ್ನು ಕಾರ್ಡಿನಲ್ಲಿಯೇ ಇರಿಸಿಕೊಂಡು, ಸುಮಾರು 20 ಲಕ್ಷ ಬಿಂದುಗಳ ಕಿರುಪ್ರತಿಯೊಂದನ್ನು ಫೋನಿಗೆ ಅಟ್ಟುತ್ತವೆ. ಫೋನಿನ ಪುಟ್ಟ ಪರದೆಯ ಮೇಲೆ ಅದು ಮೂಲದಷ್ಟೇ ಸೊಗಸಾಗಿ ಕಾಣುವುದು. ಮೋಸ ಹೋಗುವುದು ಅಲ್ಲಿಯೇ.

2 ಕೋಟಿ 40 ಲಕ್ಷವು 20 ಲಕ್ಷವಾದರೆ ಒಟ್ಟು ಬಿಂದುಗಳು ಹನ್ನೆರಡನೆಯ ಒಂದು ಪಾಲಿಗೆ ಇಳಿದಂತೆ. ಉದ್ದಗಲಗಳಲ್ಲಿ ಒಂದೊಂದೂ ಸುಮಾರು ಮೂರೂವರೆ ಪಟ್ಟು ಕುಗ್ಗುವುದು. ಹೆಜ್ಜಾರ್ಲೆಯ 715 ಬಿಂದುಗಳು 206 ಆದುವು. ಕೊಕ್ಕಿನ ಮೇಲಿನ ಒಂದು ಚುಕ್ಕೆಯ ಅಗಲ 1 ಸೆಂಟಿಮೀಟರ್ ಎಂದು ಇಟ್ಟುಕೊಂಡರೆ, ಮೂಲಚಿತ್ರದಲ್ಲಿ ಅದು 5 ಬಿಂದುಗಳ ಅಗಲಕ್ಕೆ ಹರಡಿರುತ್ತಿತ್ತು. ಅಷ್ಟು ಇದ್ದರೆ ಚುಕ್ಕೆಯಿದೆಯೆಂದು ಹೇಳಬಹುದು. ಕಿರುಪ್ರತಿಯಲ್ಲಿ ಅದಕ್ಕೆ ದಕ್ಕಿದುದು ಒಂದೂವರೆ ಬಿಂದು. ಚುಕ್ಕೆ ಪಕ್ಕದ ಬಣ್ಣದೊಡನೆ ಕಲಸಿಹೋಯಿತು. ಹಿರಿ ಸಂವೇದಕದ ಮೂಲಚಿತ್ರದಲ್ಲಿಯೂ ಅದಕ್ಕೆ 3 ಬಿಂದುಗಳಿಗಿಂತ ಹೆಚ್ಚು ಸಿಗುತ್ತಿತ್ತು. ಕಿರು ಸಂವೇದಕದ ಒತ್ತಾದ ಬಿಂದುಗಳಿಂದ ಒಂದೂವರೆ ಪಟ್ಟು ಗಳಿಸಿದುದನ್ನು ನಮ್ಮ ಗೆಳೆಯನು ಮೂರೂವರೆ ಪಟ್ಟಾಗಿ ಕಳೆದುಕೊಂಡನೆಂದಾಯಿತು. ಫೋನಿಗೆ ಬಂದುದು ದೂತ. ಅವನು ಅದನ್ನೇ ಅರಸನೆಂದು ತಿಳಿದನು.

ಪಿ.ಜಿ.ಯಲ್ಲಿ ನಿಧಾನ, ಕೆರೆಯಲ್ಲಿ ವೇಗ

ಹಾಗಾದರೆ ವೈ-ಫೈಯಲ್ಲಿಯೇ ಮೂಲಚಿತ್ರಗಳನ್ನು ತರಿಸಿಕೊಳ್ಳೋಣವೆಂದರೆ ಬಿಟಿಎಂ ಲೇಔಟಿನಂತಹ ಬಡಾವಣೆಯಲ್ಲಿ ಇನ್ನೊಂದು ತೊಡಕುಂಟು. 2.4 ಗಿಗಾಹರ್ಟ್ಸಿನ ಹೆದ್ದಾರಿ ಸುಮಾರು 83 ಮೆಗಾಹರ್ಟ್ಸ್ ಅಗಲದ್ದು. ಒಂದೊಂದು ವೈ-ಫೈ ಬಂಡಿಗೂ 20 ಮೆಗಾಹರ್ಟ್ಸಿನ ದಾರಿ ಬೇಕಾದುದರಿಂದ, ರೂಢಿಯಲ್ಲಿರುವ ಹಂಚಿಕೆಯಂತೆ ಒಂದನ್ನೊಂದು ಉಜ್ಜದೆ ಸಾಗಬಲ್ಲ ದಾರಿಗಳು ಮೂರೇ ಮೂರು. ಒಂದು ಪಿ.ಜಿ.ಯ ಮಹಡಿ ಮಹಡಿಗೂ ಒಂದು ರೂಟರು, ಎದುರುಮನೆಯಲ್ಲಿ ಒಂದು, ಪಕ್ಕದ ಅಂಗಡಿಯಲ್ಲಿ ಇನ್ನೊಂದು. ಇವೆಲ್ಲವೂ ಆ ಮೂರು ದಾರಿಗಳಿಗಾಗಿ ನುಗ್ಗಾಡಬೇಕು. ಸಂಜೆಯ ಹೊತ್ತು ಸಿಲ್ಕ್ ಬೋರ್ಡ್ ವೃತ್ತವನ್ನು ದಾಟಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿದ್ದು ಕಾಯುವುದು ವೈ-ಫೈಯ ಶಿಷ್ಟಾಚಾರ. ಮಾತಾಡುವವರು ಹೆಚ್ಚಾದಷ್ಟೂ ಕಾಯುವ ಹೊತ್ತು ಹೆಚ್ಚು. ಎರಡು ಸೆಕೆಂಡಿನ ಕೆಲಸ ಇಪ್ಪತ್ತು ಸೆಕೆಂಡಾದರೆ ಅಚ್ಚರಿಯಿಲ್ಲ. ಕ್ಯಾಮೆರಾದಲ್ಲಿ 5 ಗಿಗಾಹರ್ಟ್ಸಿನ ದಾರಿ ಇದ್ದರೆ ಮನೆಯಲ್ಲಿ ಅದನ್ನೇ ಆರಿಸಬೇಕು. ಅಲ್ಲಿ ದಾರಿಗಳು ಹೆಚ್ಚು, ನೂಕುನುಗ್ಗಲು ಕಡಮೆ. ಇಲ್ಲವಾದರೆ ಬಯಲಾದ ಕೆರೆಯ ದಂಡೆಯ ಮೇಲೆಯೇ ಚಿತ್ರಗಳನ್ನು ತರಿಸಿಕೊಳ್ಳುವುದು ಜಾಣತನ.

ಮತ್ತೊಂದು ಸಣ್ಣ ವಿಷಯ. ಈ ತರಂಗಗಳನ್ನು ನೀರು ಹೀರಿಕೊಳ್ಳುವುದು. ಅಡಿಗೆಮನೆಯ ಮೈಕ್ರೋವೇವ್ ಒಲೆ ಬಳಸುವುದೂ ಸುಮಾರು ಇದೇ ಆವೃತ್ತಿಯ ತರಂಗಗಳನ್ನು. ಮನುಷ್ಯದೇಹದಲ್ಲಿ ಹೆಚ್ಚಿನ ಪಾಲು ನೀರೇ. ಕ್ಯಾಮೆರಾ ಎದೆಯ ಮೇಲೆಯೂ ಫೋನು ಹಿಂದಿನ ಜೇಬಿನಲ್ಲಿಯೂ ಇದ್ದರೆ ನಿಮ್ಮ ದೇಹವೇ ನಡುವೆ ಗೋಡೆಯಾಗುವುದು. ಫೋನನ್ನು ಮುಂದಿನ ಜೇಬಿಗೆ ಬದಲಾಯಿಸಿದರೆ ಎಷ್ಟೋ ಸಲ ಕಡಿದ ಸಂಪರ್ಕ ಕೂಡಿಕೊಳ್ಳುವುದುಂಟು. ಈ ಒಲೆಯ ಶಕ್ತಿಗೆ ಹೋಲಿಸಿದರೆ ಕ್ಯಾಮೆರಾದ ಪ್ರಸಾರಶಕ್ತಿ ಸಾವಿರಾರು ಪಾಲು ಕಡಮೆಯಾದುದರಿಂದ ಹೆದರಬೇಕಾದ ಕಾರಣವಿಲ್ಲ.

ದೂತನಿಂದ ಪಡೆಯಬೇಕಾದ ಸೇವೆ

ಇಷ್ಟು ಹೇಳಿದುದರಿಂದ ನಿಸ್ತಂತು ಸಂಪರ್ಕ ನಿಷ್ಪ್ರಯೋಜಕವೆಂದು ಭಾವಿಸಬಾರದು. ಪಕ್ಷಿವೀಕ್ಷಕನಿಗೆ ಅದು ಮೂರು ದೊಡ್ಡ ಉಪಕಾರಗಳನ್ನು ಮಾಡುವುದು.

ಮೊದಲನೆಯದು ಕಾಲ. ಕ್ಯಾಮೆರಾದೊಳಗಿನ ಗಡಿಯಾರ ತಿಂಗಳಿಗೆ ಅರ್ಧ ನಿಮಿಷದಷ್ಟು ಹಿಂದುಮುಂದಾಗುವುದು ಅಸಾಮಾನ್ಯವಲ್ಲ. ಬ್ಯಾಟರಿ ಬಹುಕಾಲ ಬರಿದಾಗಿದ್ದರೆ ದಿನಾಂಕವೇ ತಪ್ಪಿಹೋಗುವುದು. ಫೋನಿನ ಕಾಲವಾದರೋ ದೂರವಾಣಿ ಜಾಲದಿಂದ ಸದಾ ತಿದ್ದಲ್ಪಡುತ್ತಿರುವುದು. ಸಂಪರ್ಕ ಏರ್ಪಟ್ಟೊಡನೆ ಕ್ಯಾಮೆರಾದ ಗಡಿಯಾರವನ್ನು ಫೋನಿನಿಂದ ಸರಿಪಡಿಸಿಕೊಳ್ಳಬಹುದು. ಎರಡನೆಯದು ಸ್ಥಳ. ಉಪಗ್ರಹಗಳ ನೆರವಿನಿಂದ ಫೋನು ಅರಿತ ಅಕ್ಷಾಂಶ ರೇಖಾಂಶಗಳನ್ನು ಚಿತ್ರದೊಳಗೆ ಬರೆದಿಡಬಹುದು. ಮಡಿವಾಳ ಕೆರೆಯ ಚಿತ್ರವಾದರೆ ಉತ್ತರ ಅಕ್ಷಾಂಶ 12.9 ಡಿಗ್ರಿ, ಪೂರ್ವ ರೇಖಾಂಶ 77.6 ಡಿಗ್ರಿಯ ಆಸುಪಾಸಿನ ಅಂಕೆಗಳು ಅದರಲ್ಲಿ ಸೇರಿರುವುವು. ಹಕ್ಕಿಯ ಚಿತ್ರ ಬರಿಯ ಅಲಂಕಾರವಾಗದೆ ದಾಖಲೆಯಾಗಬೇಕಾದರೆ, ಯಾವಾಗ ಎಲ್ಲಿ ಎಂಬ ಈ ಎರಡು ಉತ್ತರಗಳು ಅತ್ಯವಶ್ಯ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಕೇಂದ್ರವೂ ಆಡುಬಾನ್ ಸಂಸ್ಥೆಯೂ 2002ರಲ್ಲಿ ಆರಂಭಿಸಿದ ‘ಇ-ಬರ್ಡ್’ ಎಂಬ ಲೋಕವ್ಯಾಪಿ ದಾಖಲೆಗೆ ನಮ್ಮ ನಾಡಿನ ವಿದ್ಯಾರ್ಥಿಗಳೂ ತಮ್ಮ ಊರಿನ ಕೆರೆಗಳ ಹಕ್ಕಿಗಳನ್ನು ಸೇರಿಸಬಹುದು. ಅಲ್ಲಿಯೂ ಕೇಳುವುದು ಈ ಪ್ರಶ್ನೆಗಳನ್ನೇ.

ಮೂರನೆಯದು ದೂರನಿಯಂತ್ರಣ. ಮಿಂಚುಳ್ಳಿಯೊಂದು ದಿನವೂ ಬಂದು ಕೂರುವ ಗೂಟದ ಸಮೀಪ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ನೀವು ಏಳೆಂಟು ಮೀಟರ್ ಹಿಂದೆ ಮರೆಯಲ್ಲಿ ಕುಳಿತು, ಫೋನಿನ ಪರದೆಯಲ್ಲಿ ದೃಶ್ಯವನ್ನು ನೋಡುತ್ತ ಚಿತ್ರ ತೆಗೆಯಬಹುದು. ಹಕ್ಕಿಗೆ ಅಂಜಿಕೆಯಿಲ್ಲ, ನಿಮಗೆ ಆಯಾಸವಿಲ್ಲ. ಪರದೆಯ ಮೇಲಿನ ದೃಶ್ಯ ಕಣ್ಣೆವೆಯಿಕ್ಕುವಷ್ಟು ಹೊತ್ತು ತಡವಾಗಿ ಬರುವುದೆಂಬುದನ್ನು ಮಾತ್ರ ಮರೆಯಬಾರದು. ಹಾರುವ ಹಕ್ಕಿಗೆ ಈ ಉಪಾಯ ಒಗ್ಗುವುದಿಲ್ಲ.

ಸ್ಥಳವನ್ನು ಬರೆದಿಡುವ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ಅಂಕೆಗಳ ಸಮೇತ ಎಲ್ಲರಿಗೂ ಹಂಚಿದರೆ, ಗೂಡಿಗೆ ದಾರಿ ತೋರಿಸಿದಂತೆಯೇ ಸರಿ. ನಿಮ್ಮ ಮನೆಯಲ್ಲಿ ತೆಗೆದ ಚಿತ್ರಕ್ಕೂ ಇದೇ ಮಾತು ಅನ್ವಯಿಸುವುದು. ಹಂಚುವ ಮುನ್ನ ಆ ಅಂಕೆಗಳನ್ನು ತೆಗೆದುಹಾಕುವ ಸೌಕರ್ಯ ಫೋನುಗಳಲ್ಲಿದೆ, ಅದನ್ನು ಬಳಸಿಕೊಳ್ಳಬೇಕು.

ಇನ್ನು ಮಾಡಬೇಕಾದುದು ಇಷ್ಟು. ಹೊರಡುವ ಮುನ್ನ ಮನೆಯಲ್ಲಿಯೇ ಕ್ಯಾಮೆರಾವನ್ನೂ ಫೋನನ್ನೂ ಜೋಡಿಸಿ, ಗಡಿಯಾರ ಸರಿಯಾಯಿತೇ ಎಂದು ನೋಡಿ. ಕಿರುಪ್ರತಿಗಳು ತಾವಾಗಿ ಬರುತ್ತಿರಲಿ. ಏನು ದಕ್ಕಿತೆಂದು ಆ ಕ್ಷಣವೇ ತಿಳಿಯಲು ಅವು ಬಹಳ ಉಪಯುಕ್ತ. ಆದರೆ ಮುಖ್ಯವಾದ ಚಿತ್ರಗಳನ್ನು ‘ಮೂಲ ಗಾತ್ರ’ದಲ್ಲಿಯೇ ಕಳುಹಿಸುವಂತೆ ಫೋನಿನ ಆ್ಯಪಿನಲ್ಲಿ ಆರಿಸಿ, ವೈ-ಫೈಯಲ್ಲಿ ತರಿಸಿಕೊಳ್ಳಿ. ಬಂದ ಚಿತ್ರದ ವಿವರಗಳನ್ನು ತೆರೆದು ಅಗಲ 6,000 ಬಿಂದುಗಳಿವೆಯೇ, ಸುಮಾರು 1,700 ಮಾತ್ರವೇ ಎಂದು ಕಣ್ಣಾರೆ ನೋಡಿ. ಮೂಲಚಿತ್ರಗಳ ಎರಡು ಪ್ರತಿಗಳು ಎರಡು ಬೇರೆ ಬೇರೆ ಕಡೆಗಳಲ್ಲಿ ಸೇರುವವರೆಗೆ ಕಾರ್ಡನ್ನು ಅಳಿಸಬೇಡಿ. ಮರೆತು ಅಳಿಸಿದರೂ ಕೂಡಲೇ ಆ ಕಾರ್ಡಿನ ಬಳಕೆಯನ್ನು ನಿಲ್ಲಿಸಿದರೆ ಚಿತ್ರಗಳನ್ನು ಮರಳಿ ಪಡೆಯುವ ಸಂಭವವುಂಟು. ಅದರ ಮೇಲೆ ಹೊಸ ಚಿತ್ರಗಳು ಬಂದು ಕುಳಿತ ಮೇಲೆ ಆಸೆಯನ್ನು ಬಿಡಬೇಕಾದುದೇ.

ನಮ್ಮ ವಿದ್ಯಾರ್ಥಿಗೆ ಆದುದು ಅದೇ. ಆ ಹಕ್ಕಿ ಯಾವುದೆಂದು ಊಹಿಸಿ ಬರೆಯಲು ಅವನಿಗೆ ಆಸೆಯಿಲ್ಲದಿರಲಿಲ್ಲ. ಆದರೂ ಅವನು ತನ್ನ ಪಟ್ಟಿಯಲ್ಲಿ ‘ಹೆಜ್ಜಾರ್ಲೆ, ಒಂದು, ಪ್ರಭೇದ ತಿಳಿಯದು’ ಎಂದಷ್ಟೇ ಬರೆದನು. ವಿಜ್ಞಾನದ ವಿದ್ಯಾರ್ಥಿಗೆ ಅದು ತಕ್ಕುದಾದ ನಡತೆ. ಮುಂದಿನ ಭಾನುವಾರ ಬೆಳಗಿನ ಆರು ಗಂಟೆಗೆ ಅವನು ಮತ್ತೆ ಮಡಿವಾಳ ಕೆರೆಯ ದಂಡೆಯ ಮೇಲಿದ್ದನು. ಈ ಸಲ ಅವನ ಜೇಬಿನಲ್ಲಿ ಇನ್ನೊಂದು ಮೆಮೊರಿ ಕಾರ್ಡೂ ಇತ್ತು.